ಕಾಕಾ ಹೊಲಿದುಕೊಟ್ಟ ಪುಸ್ತಕಗಳು

ಆ ದಿನ ಬೆಳಿಗ್ಗೆ ಎದ್ದು ಒಲೆಯ ಬೂದಿ ತೆಗೆದೆ, ಕೆರೆಯ ನೀರನ್ನು ಬಟ್ಟೆ ಕಟ್ಟಿ ಸೋಸಿದೆ, ಹಾಲು ಕಾಸಿದೆ, ಹದಿನೆಂಟು ರೊಟ್ಟಿ ಬಡಿದೆ. ಮೊದಲೆಲ್ಲ ಇಪ್ಪತ್ತು ಬಡಿಯುತ್ತಿದ್ದೆ. ಕಾಕಾನ ಪಾಲಿನ ಎರಡು ನಿಂತು ಒಂದು ತಿಂಗಳಾಗಿತ್ತು. ಅವರಿಗೆ ಈಗ ಗಂಜಿ, ಅದೂ ನಾಲ್ಕೇ ಚಮಚ. ನಮ್ಮವರು ಬುತ್ತಿ ಕಟ್ಟಿಸಿಕೊಂಡು ಹೊಲಕ್ಕೆ ಹೋದರು. ಅತ್ತೆಯವರು ತಮ್ಮ ತಂಗಿಯ ಮೊಮ್ಮಗಳ ತೊಟ್ಟಿಲಿನ ಕಾರ್ಯಕ್ಕೆಂದು ಶಲವಡಿಯ ಬಸ್ ಹಿಡಿದರು. ನನ್ನನ್ನು ಕರೆಯಲಿಲ್ಲ. ಕಾಕಾನ ಹತ್ತಿರ ಯಾರಾದರೂ ಇರಬೇಕಲ್ಲ ಅಂದರು. ಅದೇ ಕಾರಣವಿರಬೇಕು ಅಂತ ನಾನೂ ಅಂದುಕೊಂಡೆ.

ಗಂಜಿಯ ಬಟ್ಟಲು ಹಿಡಿದು ಪಡಸಾಲೆಗೆ ಹೋದರೆ ಕಾಕಾ ಅದರ ಕಡೆ ನೋಡಲೂ ಇಲ್ಲ.

“ಕತ್ತರಿ ತಾರವಾ,” ಅಂದರು.

ಕತ್ತರಿಯ ಸಂಗತಿ ನಿಮಗೆ ತಿಳಿಯಬೇಕಾದರೆ ಕಾಕಾ ಎಂಥವರು ಅನ್ನುವುದು ತಿಳಿಯಬೇಕು. ಇಡೀ ಮೊರಬ ಊರಿನಲ್ಲಿ ಅವರಷ್ಟು ಪುಸ್ತಕ ಪ್ರೀತಿಸಿದವರಿಲ್ಲ, ಅವರಷ್ಟು ಪುಸ್ತಕ ಕೆಡಿಸಿದವರೂ ಇಲ್ಲ! ಬೇರೆಯವರು ಕೊಟ್ಟ ಪುಸ್ತಕ ಓದಲು ಕನ್ನಡಕ ಇದ್ದರೆ ಸಾಕು. ನಮ್ಮ ಕಾಕಾ ಕೊಟ್ಟದ್ದನ್ನು ಪೂರ್ತಿ ಓದಲು ಕತ್ತರಿಯೂ ಬೇಕು.

ಅವರು ನಮ್ಮ ಮಾವನವರ ತಮ್ಮ. ಮದುವೆಯಾಗಲಿಲ್ಲ. ಅಣ್ಣಿಗೇರಿಯ ಒಂದು ಹತ್ತಿ ಜಿನ್ನಿನಲ್ಲಿ ಹತ್ತಿ ತುಂಬಿದ ಅಂಡಗಿ ಚೀಲಗಳ ಬಾಯಿ ಹೊಲಿಯುತ್ತ ಅರ್ಧ ಆಯುಷ್ಯ ಕಳೆದು, ಒಂದು ದಬ್ಬಣ, ಒಂದು ತಗಡಿನ ಟ್ರಂಕು ಹೊತ್ತುಕೊಂಡು ಅಣ್ಣನ ಮನೆಗೆ ಬಂದವರು. ಟ್ರಂಕಿನ ತುಂಬ ಪುಸ್ತಕ. ಒಂದರಲ್ಲೂ ಕಥೆ ಇಲ್ಲ! ಬಾವಿ ತೋಡುವುದು ಹೇಗೆ, ಜೇನು ಸಾಕುವುದು ಹೇಗೆ, ಯಾರು ಎಲ್ಲೆಲ್ಲಿ ನಡೆದುಹೋದರು, ಯಾರು ಹೇಗೆ ಬದುಕಿದರು. ನಡೆದದ್ದು ಮಾತ್ರ ಪುಸ್ತಕ, ಉಳಿದದ್ದು ಅವರ ಪ್ರಕಾರ ಕಾಗದಕ್ಕೆ ಮಾಡಿದ ಅನ್ಯಾಯ.

ನಾನೋ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಮದುವೆಯಾಗಿ ಬರುವಾಗ ಸೀರೆಗಳ ನಡುವೆ ನಾಲ್ಕು ಇಂಗ್ಲಿಷ್ ಕಾದಂಬರಿ ಮಡಚಿಟ್ಟುಕೊಂಡು ಬಂದಿದ್ದೆ. ಒಂದು ಮಧ್ಯಾಹ್ನ ಅದರಲ್ಲೊಂದನ್ನು ಓದುತ್ತ ಕಣ್ಣೊರೆಸಿಕೊಳ್ಳುವಾಗ ಕಾಕಾನ ಕೈಗೆ ಸಿಕ್ಕಿಬಿದ್ದೆ.

“ಯಾಕವಾ, ಏನಾತು?”

“ಏನಿಲ್ರಿ ಕಾಕಾರ. ಇದರಾಗಿನ ಹುಡುಗಿ...”

“ಖರೇನ ಇದ್ದಳೇನು ಆಕಿ?”

“ಇಲ್ರಿ.”

“ಮತ್ತ ಇಲ್ಲದಾಕಿ ಸಲುವಾಗಿ ಇದ್ದಾಕಿ ಯಾಕ ಅಳತಿ?”

ಸಿಸ್ಟರುಗಳು ನನಗೆ ಎಷ್ಟೋ ಕಲಿಸಿದ್ದರು. ಈ ಪ್ರಶ್ನೆಯ ಉತ್ತರ ಕಲಿಸಿರಲಿಲ್ಲ!

ಆಮೇಲಿನ ವರ್ಷ ನನಗೆ ಅಳಲು ಖರೇ ಇದ್ದ ಒಬ್ಬಳು ಸಿಕ್ಕಳು. ನಮ್ಮ ಮಗಳು ಹನ್ನೊಂದು ದಿನ ಇದ್ದಳು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು, ಅಷ್ಟರಲ್ಲಿ ಹೋದಳು. ಬಂದವರೆಲ್ಲ “ಸಣ್ಣ ವಯಸ್ಸು, ಇನ್ನೊಂದು ಆಗತೈತಿ ಬಿಡು” ಅಂದರು. ಬಿಟ್ಟೆ. ಅಳುವುದನ್ನೂ ಬಿಟ್ಟೆ, ಮಾತಾಡುವುದನ್ನೂ ಬಿಟ್ಟೆ. ಕಾಕಾ ಮಾತ್ರ ಏನೂ ಅನ್ನಲಿಲ್ಲ. ಒಂದು ದಿನ ನನ್ನ ದಿಂಬಿನ ಬಾಜೂಕ್ಕೆ ಒಂದು ಪುಸ್ತಕ ಇಟ್ಟು ಹೋದರು. ಹಾವುಗಳ ಪುಸ್ತಕ!

“ಹಸಿ ಬಾಣಂತಿಗೆ ಹಾವಿನ ಪುಸ್ತಕ ಕೊಡತಾರೇನು? ಬುದ್ಧಿ ಐತಿಲ್ಲೋ ನಿನಗ?” ಅಂತ ಅತ್ತೆಯವರು ಮೈದುನನ ಮೇಲೆ ಹರಿಹಾಯ್ದರು.

“ವೈನಿ, ಹೊಸಬರಿಗೆ ಹಾವಿನ ಪುಸ್ತಕಾನ ಛಲೋ. ಒಮ್ಮೆ ಹಿಡದ್ರ ಬಿಡೂದಿಲ್ಲ,” ಅಂದರು ಕಾಕಾ, ಅಗದಿ ಶಾಂತವಾಗಿ.

ನನ್ನ ಕನ್ನಡ ಓದು ಆಗ ಕುಂಟುತ್ತಿತ್ತು. ಅಕ್ಷರ ಕೂಡಿಸಿ ಕೂಡಿಸಿ ಹದಿನೈದು ದಿನಕ್ಕೆ ಮುಗಿಸಿದೆ. ಮುಗಿದ ಮರುವಾರವೇ ನಮ್ಮ ಕಣಿಕೆಯ ಬಣಿವೆಯಿಂದ ಒಂದು ಮಾರುದ್ದದ ಹಾವು ಇಳಿದು ಅಂಗಳಕ್ಕೆ ಬಂತು. ಅತ್ತೆಯವರು ಜೋಳದ ಚೀಲದ ಮೇಲೆ ಹತ್ತಿ ನಿಂತರು.

“ಕೇರಿ ಹಾವ್ರಿ ಅದು. ವಿಷ ಇಲ್ಲಂತ ಪುಸ್ತಕದಾಗ ಬರದಾರ್ರಿ,” ಅಂದೆ.

“ಹಾವು ಓದೇತೇನು ಆ ಪುಸ್ತಕಾ?”

“ಓದಿಲ್ಲಂದ್ರ ಈಗ ಓದಿಸೂಣು, ಹಿಡದ ಕೊಡ್ರಿ ವೈನಿ!” ಕಾಕಾ ಕೋಲು ಹಿಡಿದು ಬಂದರು.

ನಾನು ನಕ್ಕುಬಿಟ್ಟೆ. ನನ್ನ ನಗು ನನಗೇ ಯಾರದೋ ಅನ್ನಿಸಿ ಗಾಬರಿಯಾಯಿತು. ಕಾಕಾ ಏನೂ ಕೇಳಿಸದವರಂತೆ ಹಾವನ್ನು ಬೇಲಿ ದಾಟಿಸಿ ಬಂದು ಕೈಕಾಲು ತೊಳೆದರು. ಸಂಜೆ ಎರಡನೆಯ ಪುಸ್ತಕ ಬಂತು.

ಅದು ಹಿಮಾಲಯಕ್ಕೆ ನಡೆದುಹೋದವರೊಬ್ಬರ ಪ್ರವಾಸದ ಪುಸ್ತಕ. ಅರ್ಧ ದಾರಿಯಲ್ಲಿ ಓದು ತಟ್ಟನೆ ನಿಂತಿತು. ಆರು ಹಾಳೆಗಳ ಅಂಚು ಕೂಡಿಸಿ, ಕೌದಿ ಹೊಲಿಯುವ ಕೆಂಪು ದಾರದಿಂದ ಒತ್ತೊತ್ತಾಗಿ ಹೊಲಿದಿತ್ತು! ಅಂಡಗಿಯ ಬಾಯಿ ಹೊಲಿದಂತೆಯೇ, ಕೊನೆಗೆ ಎರಡು ಗಂಟು ಹಾಕಿ.

“ಕಾಕಾರ, ಇಲ್ಲೇನೈತ್ರಿ?”

“ಏನಿಲ್ಲ ಬಿಡು, ಬರೇ ಬರ್ಫ. ಓದಿದ್ರ ನೆಗಡಿ ಆಕ್ಕೈತಿ.”

ಮೂರನೆಯದು ಒಬ್ಬ ಡಾಕ್ಟರರ ಚರಿತ್ರೆ. ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಸಿಡುಬಿನ ಚುಚ್ಚುಮದ್ದು ಹಾಕಿದವರು. ಅದರ ಕೊನೆಯ ಅಧ್ಯಾಯ ಇಡಿಯಾಗಿ ಹೊಲಿದುಹೋಗಿತ್ತು.

“ಹಂಗಾರ ಈ ಡಾಕ್ಟರ ಕಡೀಗೆ ಏನಾದ್ರಿ?”

“ಏನಾಗಬೇಕು? ಅದಾನ.”

“ಕಾಕಾರ, ಅವರು ಹುಟ್ಟಿ ನೂರಾ ಹತ್ತು ವರ್ಷ ಆತ್ರಿ!”

“ಹೌದಲ್ಲ! ಗಟ್ಟಿ ಮನಿಶಾ!”

ಊರಿನ ವಾಚನಾಲಯದಿಂದ ತಂದದ್ದನ್ನೂ ಬಿಡಲಿಲ್ಲ. ಅಲ್ಲಿಯ ಮಾಸ್ತರರು ಮನೆಯ ಬಾಗಿಲಿಗೇ ಬಂದು, “ಇದೇನ್ರಿ, ಪುಸ್ತಕಕ್ಕ ಟಾಕಿ ಹಾಕೀರಿ!” ಅಂತ ಕೂಗಾಡಿದರೆ, “ಗಾಯ ಆಗಿತ್ತರಿ ಅದಕ್ಕ” ಅಂದರು ಕಾಕಾ.

ಆ ದಾರ ಬಿಚ್ಚಿ ನೋಡಬಾರದಿತ್ತೆ ಅಂತ ನೀವು ಕೇಳಬಹುದು. ಕಾನ್ವೆಂಟಿನವಳು ನಾನು, ಮುಚ್ಚಿದ ಲಕೋಟೆಯನ್ನು ಬೆಳಕಿಗೆ ಹಿಡಿಯುವುದೂ ನಮಗೆ ತಪ್ಪು. ಆದರೂ ಒಂದು ಸಲ ಹಿಡಿದೆ. ಎರಡು ಹಾಳೆಯ ನಡುವೆ ಒಂದು ಶಬ್ದ ಮಸುಕಾಗಿ ಕಂಡಿತು: ‘ಶವ’. ಪುಸ್ತಕ ಕೆಳಗಿಟ್ಟು ರೊಟ್ಟಿಯ ಹಿಟ್ಟು ನಾದಲು ಹೋದೆ. ನನ್ನ ಕೈಗೆ ಬರುವ ಪ್ರತಿ ಪುಸ್ತಕವನ್ನೂ ಈ ಮುದುಕರು ಮೊದಲು ತಾವು ಓದಿ, ಅದರಲ್ಲಿ ಸಾವು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕುಳಿತು ಹೊಲಿಯುತ್ತಿದ್ದರು! ನಡೆದದ್ದು ಮಾತ್ರ ಪುಸ್ತಕ ಅನ್ನುವವರು, ನನ್ನ ಸಲುವಾಗಿ ನಡೆದದ್ದನ್ನೇ ನಡೆದೇ ಇಲ್ಲವೆಂಬಂತೆ ಮಾಡುತ್ತಿದ್ದರು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಾಲ್ಕು ವರ್ಷ ನಾನು ಓದಿದ ಲೋಕದಲ್ಲಿ ಒಬ್ಬರೂ ಸಾಯಲಿಲ್ಲ.

ಓದಿ ಮುಗಿದ ಮೇಲೆ ಪುಸ್ತಕವನ್ನು ಅವರಿಗೆ ಬಾಯಲ್ಲಿ ಹೇಳಬೇಕು, ಅದು ನಿಯಮ. ನಾನು ರೊಟ್ಟಿ ಬಡಿಯುವಾಗ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಕೇಳುತ್ತಿದ್ದರು, ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವರಂತೆ. ನನಗೆ ಮಾತು ಬಂದದ್ದು ಹೀಗೆ. ಜೇನು, ಬಾವಿ, ಹಾವು, ಎಲ್ಲದರ ಮಾತು ಬಂತು. ಮಗಳದೊಂದನ್ನು ಬಿಟ್ಟು.

ಇನ್ನು ಆ ದಿನದ ಕತ್ತರಿಗೆ ಬರುತ್ತೇನೆ. ಡಾಕ್ಟರು ಕಾಕಾನ ಹೊಟ್ಟೆ ಮುಟ್ಟಿ ನೋಡಿ, “ಮನ್ಯಾಗ ಇರಲಿ ಬಿಡ್ರಿ” ಅಂದು ತಿಂಗಳಾಗಿತ್ತು. ಅದರ ಅರ್ಥ ಎಲ್ಲರಿಗಿಂತ ಮೊದಲು ಕಾಕಾನಿಗೇ ತಿಳಿದಿತ್ತು.

“ಉಗುರು ತಗೀಲೇನ್ರಿ?” ಅಂದೆ, ಕತ್ತರಿ ತಂದು.

“ಉಗುರಲ್ಲವಾ. ಟ್ರಂಕ ತಗಿ. ಹೊಲದದ್ದೆಲ್ಲಾ ಬಿಚ್ಚು.”

ಟ್ರಂಕು ಎಳೆದು ತಂದು ಮುಚ್ಚಳ ತೆಗೆದೆ.

“ಅವರೆಲ್ಲಾ ಹೆಂಗ ಹ್ವಾದ್ರು ಅಂತ ಕೇಳಬೇಕಾಗೇತಿ. ನನಗ ಈ ಕೆಲಸ ಹೊಸಾದು. ಕಣ್ಣು ಕಾಣವಲ್ದು, ನೀನ ಓದಿ ಹೇಳು. ಹೊಸಬರಿಗೆ ಯಾವದು ಛಲೋ ನೋಡು.”

ಹಾವಿನ ಪುಸ್ತಕದಿಂದ ನನ್ನನ್ನು ಶುರು ಮಾಡಿಸಿದವರಿಗೆ ನಾನು ಯಾವುದರಿಂದ ಶುರು ಮಾಡಲಿ? ಒಂದು ಸಾವನ್ನೂ ಓದದವಳು, ಸಾವುಗಳಲ್ಲಿ ಮೆತ್ತಗಿನದು ಆರಿಸಿಕೊಡಬೇಕಾಗಿತ್ತು. ಕೊನೆಗೆ ಡಾಕ್ಟರರ ಚರಿತ್ರೆ ತೆಗೆದು ಒಂದೊಂದೇ ಹೊಲಿಗೆ ಕತ್ತರಿಸಿದೆ. ದಾರ ಇದ್ದಲ್ಲೆಲ್ಲ ಕಾಗದ ಬೆಳ್ಳಗೆ ಉಳಿದಿತ್ತು. ಡಾಕ್ಟರರು ಎಂಬತ್ತನೆಯ ವಯಸ್ಸಿನಲ್ಲಿ, ಕಿಟಕಿ ತೆಗೆಯಿರಿ ಅಂದು, ಮಜ್ಜಿಗೆ ಹುಳಿಯಾಗಿದೆ ಅಂದು, ಆ ಕಡೆ ಮಗ್ಗುಲಾಗಿ ಹೋಗಿದ್ದರು.

“ಮಜ್ಜಿಗಿ ಹುಳಿ ಆಗೇತಿ ಅಂದನ? ಅಷ್ಟನ?”

“ಅಷ್ಟರಿ.”

“ಪಾಡ ಆತು ಬಿಡು. ದೊಡ್ಡ ಮಾತು ಏನೂ ಆಡಬೇಕಾಗಿಲ್ಲ ಹಂಗಾರ. ನಾ ಅದನ್ನ ಚಿಂತಿ ಮಾಡಾಕತ್ತಿದ್ದೆ.”

ಅಂದು ಎರಡು ಚಮಚ ಗಂಜಿ ಕುಡಿದರು. ನಾನು ಮುಂದಿನದು ಬಿಚ್ಚಿದೆ. ಹಿಮದಲ್ಲಿ ಜೊತೆಗಾರ ನಿದ್ದೆಯಲ್ಲೇ ಹೋಗಿದ್ದ. “ಥಂಡಿ ನಮಗ ಆಗಿ ಬರೂದಿಲ್ಲ, ಮುಂದಿಂದು ಓದು,” ಅಂದರು. ಮುಂದಿನದು ಕುಂದಗೋಳದ ಕಡೆಯ ಒಬ್ಬ ಗವಾಯಿಗಳು ತಾವೇ ಬರೆದ ಜೀವನ. ಅದರಲ್ಲಿ ಹೊಲಿಗೆ ಕೊನೆಗಿರಲಿಲ್ಲ, ನಟ್ಟನಡುವೆ ಇತ್ತು. ಎರಡೇ ಹಾಳೆ.

“ಅದು ಬ್ಯಾಡ,” ಅಂದರು ಕಾಕಾ. ಕಾಣದ ಕಣ್ಣಿಗೂ ಅದು ಯಾವ ಪುಸ್ತಕ ಅಂತ ಹೇಗೆ ತಿಳಿಯಿತೋ! “ಅದು ಮುದುಕರದಲ್ಲ.”

ಕತ್ತರಿ ಕೈಯಲ್ಲೇ ಇತ್ತು. ಬಿಚ್ಚಿದೆ.

ಗವಾಯಿಗಳಿಗೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ಇಪ್ಪತ್ತು ದಿನ ಇತ್ತು. ಮರುದಿನ ನಸುಕಿನಲ್ಲಿ ತಂಬೂರಿ ಹಿಡಿದು ಕುಳಿತರೆ ಸ್ವರ ಹೊರಡಲಿಲ್ಲ, ಕೂಸಿನ ಉಗುರುಗಳು ಮಾತ್ರ ಕಣ್ಣಮುಂದೆ ಬಂದವು, ಅಕ್ಕಿಯ ನುಚ್ಚಿನಷ್ಟು ಸಣ್ಣವು ಅಂತ ಬರೆದಿದ್ದರು. ಅಷ್ಟೂ ಓದಿದೆ. ನನ್ನ ದನಿ ಒಡೆಯಲಿಲ್ಲ. ಪುಸ್ತಕ ಮುಚ್ಚಿದ ಮೇಲೆ, ನಾಲ್ಕು ವರ್ಷದಲ್ಲಿ ಮೊದಲ ಸಲ ಹೇಳಿದೆ:

“ನಮ್ಮ ಕೂಸಿನ ಉಗುರೂ ಹಂಗ ಇದ್ದೂರಿ ಕಾಕಾರ.”

ಕಾಕಾ ತಮ್ಮ ಎಡಗೈಯ ಕಿರುಬೆರಳು ಹಿಡಿದುಕೊಂಡರು.

“ಹೂಂ. ಎಡಗೈ ಕಿರಿಬಟ್ಟಿಂದು ಒಂದು ಉದ್ದ ಇತ್ತು. ಮಾರಿಗೆ ಗೀರಿಕೊಳ್ಳತಿತ್ತು,” ಅಂದರು.

ಅದು ನನ್ನೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ. ಆಗ ನಾನು ಅತ್ತುಬಿಟ್ಟೆ. ಕಾಕಾ ಸಮಾಧಾನ ಮಾಡಲಿಲ್ಲ. ಯಾಕೆ ಅಳತಿ ಅಂತಲೂ ಕೇಳಲಿಲ್ಲ. ಅತ್ತು ಮುಗಿದ ಮೇಲೆ “ಇನ್ನಷ್ಟು ಓದವಾ” ಅಂದರು. ಓದಿದೆ. ಅವರಿಗೆ ನಿದ್ದೆ ಹತ್ತಿತು. ನಿಲ್ಲಿಸಿದರೆ ಎಚ್ಚರಾದಾರು ಅಂತ ದನಿ ತಗ್ಗಿಸಿ, ಹೊಲಗಳಿಂದ ದನ ತಿರುಗಿ ಬರುವವರೆಗೂ ಓದುತ್ತಲೇ ಇದ್ದೆ. ಆಮೇಲೆ ಕಾಕಾ ಇದ್ದದ್ದು ಎಂಟು ದಿನ. ಹೋಗುವಾಗ ದೊಡ್ಡ ಮಾತು ಏನೂ ಆಡಲಿಲ್ಲ.

ಆದರೆ ಅಂದಿನ ಸಂಜೆ ಅದೆಲ್ಲ ಇನ್ನೂ ಆಗಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಕಂದೀಲಿನ ಗಾಜು ಒರೆಸುತ್ತಿದ್ದೆ. ಬಾಜೂ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಕಂಡಕ್ಟರರ ಹೆಂಡತಿ ಕೊಡ ಹೊತ್ತು ಬಂದಳು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ನಮ್ಮ ಮನೆಯ ಸಂಗತಿ ಅವಳಿಗಿನ್ನೂ ಏನೂ ತಿಳಿಯದು. ಹೋಗುತ್ತ ಹೋಗುತ್ತಲೇ ಕೇಳಿದಳು:

“ಅಕ್ಕಾರ, ಮಧ್ಯಾಹ್ನ ಯಾರ ಕೂಸು ಬಂದಿತ್ರಿ ನಿಮ್ಮ ಮನಿಗೆ? ಭಾಳ ಹೊತ್ತು ಕಥಿ ಹೇಳಿ ಮಲಗಿಸಾಕತ್ತಿದ್ರಲ್ಲ, ಗ್ವಾಡಿ ಈಚೀಕಡೆ ನನಗೂ ನಿದ್ದಿ ಹತ್ತಿತು ನೋಡ್ರಿ.”