ಮಾಳಿಗೆಯ ಮೇಲೊಬ್ಬ ದಾನವರಾಯ

ಹೊತ್ತು: ರವಿವಾರ ಬೆಳಿಗ್ಗೆ ಏಳು ಗಂಟೆ.

ಹವೆ: ದಟ್ಟ ಮಂಜು. ಬೈಲಹೊಂಗಲದ ಎರೆಹೊಲಗಳ ಕಡೆಯಿಂದ ಹಿಂಜಿದ ಅರಳೆಯಂತೆ ತೇಲಿ ಬಂದು ನಮ್ಮ ಓಣಿಯನ್ನು ತುಂಬಿತ್ತು. ಎದುರಿನ ಬೇವಿನ ಮರಕ್ಕೆ ಬುಡವಿತ್ತು, ತಲೆ ಇರಲಿಲ್ಲ.

ಹಾಜರಿದ್ದವರು: ಪಡಸಾಲೆಯ ಕುರ್ಚಿಯಲ್ಲಿ ನಾನು, ನಿವೃತ್ತ ಮುಖ್ಯಾಧ್ಯಾಪಕ, ಈ ಮನೆಯ ಮಾಲೀಕ. ಹೊಸ್ತಿಲ ಬಳಿ ಮೆಂತ್ಯದ ಸೊಪ್ಪು ಸೋಸುತ್ತ ನನ್ನ ಹೆಂಡತಿ. ನನ್ನೆದುರು, ಮೇಲಿನ ಖೋಲಿಯಲ್ಲಿ ಬಾಡಿಗೆಗಿರುವ ಎಳೆಯ ದಂಪತಿಗಳು. ಹೆಂಡತಿ ಪೂರ್ಣ ಹಾಜರು. ಗಂಡ ಶಾಲು ಹೊದ್ದು ನಿಂತಿದ್ದನಾದರೂ ಕಣ್ಣು ಮುಚ್ಚಿದ್ದುದರಿಂದ ಅವನದು ಅರ್ಧ ಹಾಜರಿ ಎಂದು ಪರಿಗಣಿಸಿದೆ.

ವಿಷಯ: ಬಾಡಿಗೆಯ ಕರಾರು ಮುಗಿದಿದೆ. ಇವರನ್ನು ಇನ್ನೊಂದು ವರ್ಷ ಇರಗೊಡಬೇಕೋ, ಮನೆ ಬಿಡಿಸಬೇಕೋ?

ನಡೆಯಬಾರದ ಸಂಗತಿಗಳು ಶಿಸ್ತಿನ ಮನೆಯನ್ನೇ ಹುಡುಕಿಕೊಂಡು ಬಂದು ನಡೆಯುತ್ತವೆ. ನಮ್ಮಲ್ಲಿ ಅವು ಹನ್ನೊಂದು ತಿಂಗಳಿಂದ ನಡೆಯುತ್ತಿವೆ. ಹುಡುಗಿ ದೊಡವಾಡದ ಶಾಲೆಯೊಂದರಲ್ಲಿ ಟೀಚರು. ಹುಡುಗ ಸವದತ್ತಿಯ ಆಚೆ, ಉಗರಗೋಳದ ಕಡೆಯ ಒಂದು ದನದ ದವಾಖಾನೆಯಲ್ಲಿ ಸಹಾಯಕ. ಇಬ್ಬರೂ ನಸುಕಿನಲ್ಲಿ ಎದ್ದು ಎರಡು ದಿಕ್ಕಿನ ಬಸ್ಸು ಹಿಡಿಯುತ್ತಾರೆ. ಸಂಜೆ ಬಂದು ತಮ್ಮ ಖೋಲಿಯ ಮುಂದಿನ ತೆರೆದ ಮಾಳಿಗೆಯ ಮೇಲೆ ದೊಡ್ಡಾಟದ ತಾಲೀಮು ಮಾಡುತ್ತಾರೆ. ನಿದ್ದೆಗೆಂದು ಅವರು ಇಟ್ಟುಕೊಂಡ ಹೊತ್ತು ಬಹಳ ಕಡಿಮೆ. ಆದ್ದರಿಂದ ನಿದ್ದೆಯು ತಾನೇ ತನ್ನ ಹೊತ್ತನ್ನು ಆರಿಸಿಕೊಳ್ಳುತ್ತದೆ. ಇವರು ನಡೆಯುವುದನ್ನು ನೋಡಿದರೆ, ಕನಸೊಂದು ಚಪ್ಪಲಿ ಮೆಟ್ಟಿಕೊಂಡು ಹೊರಟಂತೆ ಕಾಣುತ್ತದೆ.

ತೀರ್ಪಿಗೆ ಮೊದಲು ಆರೋಪಗಳನ್ನು ಕ್ರಮವಾಗಿ ನೆನಪಿಸಿಕೊಂಡೆ.

ಆರೋಪ ಒಂದು: ಗಾಡಿ

ಇವರಿಬ್ಬರಿಗೂ ಸೇರಿ ಇರುವುದು ಒಂದೇ ಸ್ಕೂಟರು. ಬೆಳಿಗ್ಗೆ ಅದರ ಮೇಲೆ ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ, ಅಲ್ಲಿಯೇ ನಿಲ್ಲಿಸುತ್ತಾರೆ. ಸಂಜೆ ಯಾರು ತರಬೇಕೆಂಬುದಕ್ಕೆ ನಿಯಮವಿಲ್ಲ. ನಿಯಮ ಮಾಡಿಕೊಳ್ಳಿರೆಂದು ನಾನು ಎಚ್ಚರಿಸಿದ್ದೆ.

ಒಂದು ಸಂಜೆ ಟೀಚರು ಮೊದಲು ಬಸ್ಸಿಳಿದಳು. ದಿನವೆಲ್ಲ ಎತ್ತುಗಳ ಹಿಂದೆ ಓಡಾಡಿದ ಗಂಡನ ಕಾಲು ನೋಯುತ್ತಿರಬಹುದು, ಗಾಡಿ ಅವನಿಗಿರಲಿ ಎಂದು ನಡೆದೇ ಮನೆಗೆ ಬಂದಳು. ಸ್ವಲ್ಪ ಹೊತ್ತಿಗೆ ಗಂಡ ಇಳಿದ. ಗಾಡಿ ಇದ್ದಲ್ಲೇ ಇತ್ತು. ಪಾಪ, ಆಕೆ ಇನ್ನೂ ಬಂದಿಲ್ಲ, ಗಾಡಿ ಆಕೆಗಿರಲಿ ಎಂದು ಅವನೂ ನಡೆದು ಬಂದ. ಮೆಟ್ಟಿಲ ಬಳಿ ಇಬ್ಬರೂ ಭೇಟಿಯಾದರು.

“ಗಾಡಿ ಎಲ್ರಿ?”

“ನಿನಗ ಬಿಟ್ಟ ಬಂದೆ.”

“ನಾನೂ ನಿಮಗ ಬಿಟ್ಟ ಬಂದಿದ್ದೆ!”

ಈ ಮಾತನ್ನು ಹೇಳಿಕೊಂಡು ಇಬ್ಬರೂ ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಅಷ್ಟರಲ್ಲಿ ಯಾರಾದರೂ ಹೋಗಿ ತರಬಹುದಿತ್ತು. ಕೊನೆಗೆ ಗಂಡ ಹೊರಟ. ಅವನಿಗೆ ಮತ್ತೆ ನಡಿಗೆಯಾಯಿತಲ್ಲ ಎಂದು ಮರುಗಿದ ಹೆಂಡತಿ ಸಂದಿಯ ದಾರಿ ಹಿಡಿದು ಅವನಿಗಿಂತ ಮೊದಲು ಬಸ್‌ಸ್ಟ್ಯಾಂಡು ಮುಟ್ಟಿ, ಗಾಡಿ ತೆಗೆದುಕೊಂಡು ದೊಡ್ಡ ರಸ್ತೆಯಿಂದ ಮನೆಗೆ ಬಂದಳು. ಗಂಡ ಮುಟ್ಟಿದಾಗ ಅಲ್ಲಿ ಗಾಡಿಯಿರಲಿಲ್ಲ.

ಅವನು ಬೆವರು ಸುರಿಸುತ್ತ ಹಿಂದಿರುಗಿ, ನನ್ನ ಬಾಗಿಲಲ್ಲಿ ನಿಂತು, “ಸರ್, ಗಾಡಿ ಕಳವಾಗೇತ್ರಿ!” ಎಂದ.

ಹಾಗೆ ಹೇಳುವಾಗ ಅವನು ಒರಗಿ ನಿಂತದ್ದು ಅದೇ ಗಾಡಿಗೆ.

ಆರೋಪ ಎರಡು: ಅತಿಥಿಯ ದವಡೆ

ನನ್ನ ಹೆಂಡತಿಯ ಅಣ್ಣ ರಾಮದುರ್ಗದಿಂದ ಬಂದಿದ್ದರು. ಮೀಸೆಗೆ ತಪ್ಪದೆ ಕಪ್ಪು ಹಚ್ಚುವವರು. ವಯಸ್ಸಿನ ಮಾತು ತಾವೇ ತೆಗೆಯುತ್ತಾರೆ. ಎದುರಿನವರು ಹತ್ತು ವರ್ಷ ಕಡಿಮೆ ಹೇಳದಿದ್ದರೆ ಆ ದಿನ ಊಟ ರುಚಿಸುವುದಿಲ್ಲ.

ಅಂದು ಹುಡುಗ ಹಳ್ಳಿಹಳ್ಳಿ ತಿರುಗಿ ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕಿ ಬಂದಿದ್ದ. ಅತಿಥಿಗಳಿಗೆ ನಮಸ್ಕಾರ ಮಾಡಲು ಒಳಗೆ ಕರೆದೆ. ಬಂದ, ಅವರ ಪಕ್ಕದಲ್ಲಿ ಕುಳಿತ. ಕಣ್ಣು ಆಗಲೇ ಅರ್ಧ ಮುಚ್ಚಿತ್ತು.

“ತಮ್ಮಾ, ನನ್ನ ವಯಸ್ಸ ಎಷ್ಟ ಇರಬೇಕು, ಹೇಳ ನೋಡೂಣು?” ಎಂದರು ಭಾವನವರು.

ಹುಡುಗ ನಿಧಾನವಾಗಿ ಕೈ ಚಾಚಿ, ಹೆಬ್ಬೆರಳಿನಿಂದ ಅವರ ಕೆಳತುಟಿಯನ್ನು ಜಗ್ಗಿ, ಒಳಗೆ ಇಣುಕಿದ. ಭಾವನವರು ಗಾಬರಿಯಿಂದ ಅಲುಗಾಡಲಿಲ್ಲ.

“ಬಾಯಿಗೂಡೇತಿ, ಎಲ್ಲಾ ಹಲ್ಲ ಬಂದಾವ,” ಎಂದ, ಎಲ್ಲೋ ದೂರದಿಂದ ಮಾತನಾಡುವವನಂತೆ. “ಹಲ್ಲ ಭಾಳ ಸವದಾವ. ಇನ್ನ ಗಳೇಕ್ಕ ಹೂಡಬ್ಯಾಡ್ರಿ. ಭಾರ ಹೇರಬ್ಯಾಡ್ರಿ. ಹಸಿ ಮೇವು ಹಾಕ್ರಿ.” ಆಮೇಲೆ ಅವರ ಬೆನ್ನು ಎರಡು ಸಲ ತಟ್ಟಿ, “ಹೂಂ, ಮುಂದಿಂದು ಹಿಡಕೊಂಡ ಬರ್ರಿ,” ಎಂದ.

ಮುಂದಿನ ಕುರ್ಚಿಯಲ್ಲಿದ್ದವನು ನಾನು. ಆ ಸಂಜೆಯೆಲ್ಲ ಬಾಯಿ ತೆರೆಯಲಿಲ್ಲ.

ಭಾವನವರು ಸಿಟ್ಟಾಗುವರೆಂದು ಹೆದರಿದ್ದೆ. ಮರುದಿನ ಊರಿಗೆ ಹೊರಟಾಗ ಅವರು ತಮ್ಮ ಚೀಲವನ್ನು ಮುಟ್ಟಲೇ ಇಲ್ಲ. ಕೈ ಹಿಂದೆ ಕಟ್ಟಿಕೊಂಡು, “ಭಾರ ಹೇರಬ್ಯಾಡ ಅಂದಾರಲ್ರಿ ಡಾಕ್ಟರು,” ಎಂದು ಮುಂದೆ ನಡೆದರು. ಚೀಲ ಬಸ್‌ಸ್ಟ್ಯಾಂಡಿನವರೆಗೆ ನನ್ನ ಹೆಗಲ ಮೇಲೆ ಹೋಯಿತು.

ಪರವಾಗಿ ಒಂದು ಸಂಗತಿ

ನ್ಯಾಯವೆಂದರೆ ಎರಡೂ ಬದಿ ನೋಡಬೇಕು. ಇದೊಂದನ್ನು ಅವರ ಪರವಾಗಿ ಬರೆಯುತ್ತೇನೆ.

ದೊಡವಾಡದಲ್ಲಿ ಪರಿಚಿತರ ಹೊಸ ಮನೆಯ ವಾಸ್ತುಶಾಂತಿ ಮುಗಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ನಮ್ಮ ಟೀಚರು, ಕಿಟಕಿಯ ಸರಳಿಗೆ ತಲೆಯಾನಿಸಿ ಗಾಢ ನಿದ್ದೆಯಲ್ಲಿ. ಹೊರಗೆ ಜೋಳದ ಹೊಲಗಳ ಮೇಲೆ ಸಂಜೆ ಬಿಸಿಲು ಹಳದಿಯಾಗಿ ಮಲಗಿತ್ತು. ಆ ಬಸ್ಸು ತೊಟ್ಟಿಲಿನಂತೆ ತೂಗುತ್ತ ಸಾಗಿತ್ತು. ನನ್ನ ಕಣ್ಣೂ ಎಳೆಯುತ್ತಿತ್ತೆಂಬುದನ್ನು ಅಲ್ಲಗಳೆಯುವುದಿಲ್ಲ.

ಬೈಲಹೊಂಗಲ ಬಂತು. ಇಳಿಯುವವರೆಲ್ಲ ಎಂದಿನಂತೆ ಒಮ್ಮೆಗೇ ಎದ್ದು, ಬುಟ್ಟಿ, ಚೀಲ, ಮೊಣಕೈಗಳೊಡನೆ ಬಾಗಿಲಿಗೆ ನುಗ್ಗಿದರು. ಕಂಡಕ್ಟರು ಗಂಟೆ ಬಾರಿಸಿದ. ಗಂಟೆಯ ಸದ್ದಿಗೆ ಟೀಚರು ಕಣ್ಣು ತೆರೆಯದೆ ಎದ್ದು ನಿಂತಳು.

“ಗದ್ದಲಾ ಯಾಕ? ಎಲ್ಲಾರೂ ಸಾಲಾಗಿ ನಿಂದರ್ರಿ! ಸಣ್ಣವರು ಮುಂದ, ದೊಡ್ಡವರು ಹಿಂದ. ಒಬ್ಬರ ಮ್ಯಾಲ ಒಬ್ಬರು ಬೀಳಬ್ಯಾಡ್ರಿ. ಹೂಂ, ಈಗ ಹೋಗ್ರಿ ಮನಿಗೆ. ನಾಳೆ ಪಾಠಾ ಓದಕೊಂಡ ಬರ್ರಿ.”

ನೂಕುನುಗ್ಗಲು ನಿಂತಿತು. ಪೇಟ ಸುತ್ತಿದ ಒಬ್ಬ ಹಿರಿಯರು ಬುಟ್ಟಿ ಕೆಳಗಿಳಿಸಿ ಸಾಲಿಗೆ ಸೇರಿದರು. ಅವರ ಹಿಂದೆ ಉಳಿದವರು. ಎತ್ತರದ ಪ್ರಕಾರ ನಾನು ಕೊನೆಯವನು, ಕೊನೆಗೇ ನಿಂತೆ. ಒಬ್ಬರೂ ತಳ್ಳಲಿಲ್ಲ. ಇಂಥ ಶಿಸ್ತನ್ನು ಈ ರಸ್ತೆಯ ಬಸ್ಸಿನಲ್ಲಿ ನಾನು ಎಂದೂ ಕಂಡಿರಲಿಲ್ಲ.

ಎಚ್ಚರಗೊಂಡ ಟೀಚರು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಇಳಿದಾಗ ಕಂಡಕ್ಟರು ಕೈ ಮುಗಿದ: “ಅಕ್ಕಾರ, ನಾಳೆನೂ ಹಿಂಗ ಮಲ್ಕೊಂಡ ಬರ್ರಿ.”

ಮುಖ್ಯ ಆರೋಪ: ಮಾಳಿಗೆ

ಈಗ ವಿಚಾರಣೆಗೆ ಕಾರಣವಾದ ವಿಷಯ.

ಮುಂದಿನ ತಿಂಗಳು ಟೀಚರ ತವರೂರು ಚಚಡಿಯಲ್ಲಿ ಹವ್ಯಾಸಿಗಳ ದೊಡ್ಡಾಟವಿದೆ. ಅದರಲ್ಲಿ ದಾನವರಾಯನ ವೇಷ ಟೀಚರದು. ಆ ವೇಷಕ್ಕೆ ಬೇಕಾದ ಕಂಠ ಗಂಡಸರಲ್ಲಿ ಯಾರಿಗೂ ಇರಲಿಲ್ಲವಂತೆ. ವಿರಹದಲ್ಲಿ ಸೊರಗಿದ ರಾಣಿಯ ವೇಷ ಅವಳ ಗಂಡನದು. ಸೊರಗಿದ ಮುಖ ಅವನಿಗೆ ಬಣ್ಣವಿಲ್ಲದೆಯೇ ಇದೆ. ಸಂಜೆಯಾದರೆ ಅವನು ಪ್ಯಾಂಟಿನ ಮೇಲೆಯೇ ಹೆಂಡತಿಯ ಸೀರೆ ಸುತ್ತಿಕೊಳ್ಳುತ್ತಾನೆ. ಅವಳು ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತಾಳೆ. ಆ ಮಾಳಿಗೆಯ ನೇರ ಕೆಳಗೆ ನನ್ನ ಖೋಲಿ. ದಾನವನ ಪ್ರತಿ ಹೆಜ್ಜೆಗೂ ಛಾವಣಿಯ ಸುಣ್ಣ ನನ್ನ ಚಹಾದಲ್ಲಿ ಬೀಳುತ್ತದೆ.

ಸದ್ದಿಗಿಂತ ಮೌನ ಹೆಚ್ಚು ಕಷ್ಟದ್ದು. ಆಟದಲ್ಲಿ ಪ್ರತಿಯೊಂದು ವೇಷವೂ ರಂಗಕ್ಕೆ ಬಂದಾಗ ಸಾರಥಿ ಎಂಬವನು ಎದುರು ನಿಂತು, ನೀವು ಯಾರು, ಎಲ್ಲಿಯವರು, ಬಂದ ಕಾರಣವೇನು ಎಂದು ಕೇಳಬೇಕು. ಅವನು ಕೇಳದೆ ವೇಷ ಮಾತನಾಡುವಂತಿಲ್ಲ. ಇವರ ಸಾರಥಿ ಕೆಲಸ ಸಿಕ್ಕಿತೆಂದು ಗೋವಾಕ್ಕೆ ಹೊರಟುಹೋಗಿದ್ದ. ಆದ್ದರಿಂದ ಕುಣಿತ ಕೆರಳಿ ಕೆರಳಿ ಒಮ್ಮೆಲೆ ನಿಲ್ಲುತ್ತಿತ್ತು. ಇಲ್ಲದ ಸಾರಥಿಯ ಇಲ್ಲದ ಪ್ರಶ್ನೆಗಾಗಿ ಇಬ್ಬರೂ ಕಾಯುತ್ತ ನಿಲ್ಲುತ್ತಿದ್ದರು. ಕೆಳಗೆ ನಾನು, ಎತ್ತಿದ ಕಾಲು ಯಾವಾಗ ಬೀಳುವುದೋ ಎಂದು, ಚಹಾದ ಬಟ್ಟಲಿಗೆ ಅಂಗೈ ಮುಚ್ಚಿ ಕಾಯುತ್ತಿದ್ದೆ.

ನನ್ನ ಹೆಂಡತಿ ಮಾತ್ರ ಅಂಗಳಕ್ಕೆ ಹೋಗಿ ಕತ್ತೆತ್ತಿ ನಿಲ್ಲುತ್ತಿದ್ದಳು. ಮುಳುಗುವ ಸೂರ್ಯನ ಕೆಂಪಿಗೆ ಆ ಇಬ್ಬರೂ ಕಪ್ಪು ನೆರಳಾಗಿ ಅಂಟಿಕೊಂಡು, ಮೋಡದ ಮೇಲೆಯೇ ನಿಂತಂತೆ ಕಾಣುತ್ತಾರೆಂದು ಅವಳ ಹೇಳಿಕೆ. ಸುಣ್ಣ ಬೀಳುವುದು ಅವಳ ಬಟ್ಟಲಿಗಲ್ಲ.

ನಾನು ನೋಟೀಸು ಕೊಟ್ಟೆ. ಟೀಚರು ಕಣ್ಣು ತುಂಬಿಕೊಂಡಳು. “ಇಷ್ಟ ದೊಡ್ಡ ಮಾಳಿಗಿ ಊರಾಗ ಎಲ್ಲಿ ಸಿಗ್ತೈತ್ರಿ ಸರ್? ಕುಣಿತೇನಿ ಅಂದ ಕೂಡಲೆ ಎಲ್ಲಾರೂ ಬಾಗಲಾ ಹಾಕ್ಕೋತಾರ್ರಿ. ಈ ಮನಿ ಹೋದ್ರ ನಮ್ಮ ಆಟಾನೂ ಹೋದಂಗ್ರಿ.”

ರವಿವಾರ ತೀರ್ಮಾನಿಸೋಣ ಎಂದೆ.

ವಿಚಾರಣೆ

ವಿಚಾರಣೆಗೆ ಒಂದು ಕ್ರಮವಿದೆ. ಶಾಲೆಯಲ್ಲಿ ತಡವಾಗಿ ಬಂದ ಹುಡುಗನನ್ನು, ಅವನು ನೆರೆಮನೆಯವನೇ ಆಗಿರಲಿ, ಹೆಸರು, ಊರು, ಕಾರಣ ಕೇಳದೆ ನಾನು ಒಳಗೆ ಬಿಟ್ಟವನಲ್ಲ. ಅದೂ ಗ್ರಾಂಥಿಕ ಭಾಷೆಯಲ್ಲಿ. ಆಡುಮಾತಿನಲ್ಲಿ ಕೇಳಿದರೆ ಉತ್ತರವೂ ಸಡಿಲವಾಗುತ್ತದೆ. ಅಂದೂ ಎದ್ದು ನಿಂತು, ಕೈಯನ್ನು ಬೆನ್ನ ಹಿಂದೆ ಕಟ್ಟಿ, ಗಟ್ಟಿಯಾಗಿ ಕೇಳಿದೆ:

“ತಾವು ಯಾರು? ಯಾವ ಊರಿನವರು? ಈ ಸ್ಥಳಕ್ಕೆ ಆಗಮಿಸಿದ ಕಾರಣವೇನು?”

ಮಂಜು ಪಡಸಾಲೆಯೊಳಗೆ ಒಂದು ಹೆಜ್ಜೆ ಬಂದಿತ್ತು. ನಿದ್ದೆಯಲ್ಲಿ ನಿಂತಿದ್ದ ಹುಡುಗನ ತುಟಿ ಅಲುಗಿತು. ಅವನು ಹೊದ್ದ ಶಾಲನ್ನು ಮೆಲ್ಲಗೆ ತಲೆಯ ಮೇಲೆ ಸೆರಗಿನಂತೆ ಎಳೆದುಕೊಂಡ. ಕೊರಳು ಓರೆಮಾಡಿದ. ಕಣ್ಣು ತೆರೆಯಲಿಲ್ಲ.

“ಕೇಳುವಂಥವನಾಗು, ಸಾರಥಿ! ಮಂಜಿನ ಪರದೆಯ ಹಿಂದೆ ಮಲಗಿದ ಪಟ್ಟಣಕ್ಕೆ ಅರಸಿಯು ನಾನು. ಪ್ರಿಯನು ಬೇಟೆಗೆ ತೆರಳಿದಂದಿನಿಂದ ನಿದ್ರೆಯು ಬಾರದು. ಬಂದ ನಿದ್ರೆಯು ಹೋಗದು!”

ಎರಡನೆಯ ಮಾತು ಸತ್ಯವೆಂದು ಕಣ್ಣಾರೆ ಕಾಣುತ್ತಿತ್ತು.

ಟೀಚರು ಅವನ ತೋಳು ಹಿಡಿದು ಅಲುಗಿಸಿದಳು. ಆಮೇಲೆ ನನ್ನನ್ನು ನೋಡಿದಳು. ತಿಂಗಳುಗಟ್ಟಲೆ ಕಾದ ಪ್ರಶ್ನೆ ಕೊನೆಗೂ ಯಾರದೋ ಬಾಯಿಂದ ಬಂದಿತ್ತು. ಅವಳ ಬಲಗಾಲು ಅವಳನ್ನು ಕೇಳದೆ ಮೇಲೆದ್ದಿತು. ಬೇಡ ಎಂದು ನಾನು ಕೈಯೆತ್ತುವಷ್ಟರಲ್ಲಿ ಅದು ನೆಲಕ್ಕೆ ಬಿತ್ತು.

“ಭಳಿರೇ ಸಾರಥಿ! ಮುಗಿಲನ್ನು ಹೊದ್ದು, ಬೆಟ್ಟವನ್ನು ತಲೆದಿಂಬು ಮಾಡಿದ ದಾನವರಾಯನು ನಾನು! ಈ ಸ್ಥಳವನ್ನು ಬಿಟ್ಟು ನಡೆ ಎನ್ನತಕ್ಕ ಗಂಡು ಈ ಭೂಮಂಡಲದಲ್ಲಿ ಹುಟ್ಟಿದ್ದರೆ ಈ ಕ್ಷಣದಲ್ಲಿ ಎದುರಿಗೆ ತೋರಿಸು!”

ಗೋಡೆಯಾಚೆ ಮಂಜಿನಲ್ಲಿ ಎಮ್ಮೆಯೊಂದು ಕೂಗಿತು. ನೆರೆಮನೆಯ ಕಿಟಕಿ ತೆರೆದುಕೊಂಡಿತು. ಮನೆ ಬಿಡಿಸಬೇಕೆಂದು ನೋಟೀಸು ಕೊಟ್ಟ ಗಂಡು ನಾನೇ ಆಗಿದ್ದೆ, ಎದುರಿಗೇ ಇದ್ದೆ. ಕಠಿಣವಾದ ಮಾತನ್ನೇ ಆಡಬೇಕೆಂದು ಬಾಯಿ ತೆರೆದೆ.

“ಉಸಿರು ತಪ್ಪಿತು,” ಎಂದೆ. “‘ಹುಟ್ಟಿದ್ದರೆ’ ಎಂಬಲ್ಲಿ ನಿಲ್ಲಬೇಕು. ನಿಂತು ಎಲ್ಲರನ್ನೂ ನೋಡಬೇಕು. ಮತ್ತೊಮ್ಮೆ.”

ಅವಳು ಮತ್ತೊಮ್ಮೆ ಹೇಳಿದಳು. ಈ ಸಲ ನಿಂತಳು, ನೋಡಿದಳು. ನನಗೆ ನಿಜಕ್ಕೂ ಬೆನ್ನಿನಲ್ಲಿ ಚಳಿ ಬಂತು. ಮುಂದಿನ ಮಾತು ನನ್ನ ನಾಲಿಗೆಗೆ ಎಲ್ಲಿಂದ ಬಂತೆಂಬುದನ್ನು ವಿವರಿಸಲಾರೆ.

“ಎಲೈ ದಾನವರಾಯನೇ! ನಿನ್ನ ಪರಾಕ್ರಮವನ್ನು ಸವಿಸ್ತಾರವಾಗಿ ತಿಳಿಸುವಂಥವನಾಗು!”

ನೆರೆಮನೆಯ ಕಿಟಕಿಯಿಂದ ಚಪ್ಪಾಳೆ ಕೇಳಿಸಿತು. ಆ ಸದ್ದಿಗೆ ಟೀಚರು ಎಚ್ಚೆತ್ತವಳಂತೆ ನಾಲಿಗೆ ಕಚ್ಚಿಕೊಂಡು ಬಗ್ಗಿದಳು. “ತಪ್ಪಾತ್ರಿ ಸರ್, ಭಾಳ ತಪ್ಪಾತು. ಮನಿ ಮಾತ್ರ ಬಿಡಸಬ್ಯಾಡ್ರಿ.” ಗಂಡನಿಗೂ ಎಚ್ಚರವಾಯಿತು. ತಲೆಯ ಮೇಲಿನ ಶಾಲನ್ನು ಮುಟ್ಟಿ ನೋಡಿಕೊಂಡು, “ಆಟಾ ಮುಗೀತೇನ?” ಎಂದು ಕೇಳಿದ.

ನಾನು ಕುರ್ಚಿಯಲ್ಲಿ ಕುಳಿತೆ. ಗಂಟಲು ಸರಿಪಡಿಸಿಕೊಂಡೆ. ಆರೋಪಗಳನ್ನು ಮೊದಲಿನಿಂದ ಓದಿ ತೀರ್ಪು ಹೇಳಬೇಕಿತ್ತು. ಆದರೆ ಹೊಸ್ತಿಲ ಬಳಿ ನನ್ನ ಹೆಂಡತಿ ಮೆಂತ್ಯದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಉಡಿಯನ್ನು ಝಾಡಿಸಿ ಎದ್ದು ನಿಂತಿದ್ದಳು.

“ಯಾರೂ ಮನಿ ಬಿಡೂದು ಬ್ಯಾಡ,” ಎಂದಳು. “ಕುಣಿಯೋರು ಮ್ಯಾಲ, ತ್ರಾಸ ಪಡೋರು ಕೆಳಗ. ಇದೊಂದ ಅಲ್ಲೇನ ತಕರಾರು? ನಾಳಿಂದ ತ್ರಾಸ ಪಡೋರನ್ನೂ ಮ್ಯಾಲ ಕರಕೊಂಡ ಹೋಗ್ರಿ. ನಿಮಗ ಸಾರಥಿ ಸಿಕ್ಕಂಗಾತು, ನನಗ ಸಂಜೀಮುಂದ ಕೆಳಗ ಒಂದೀಟು ಶಾಂತಿ ಸಿಕ್ಕಂಗಾತು.”