ಹಳೇ ಮಂಡಿಗೆ ಉಪ್ಪುಕಾಗದ

ಎಲ್ಲಾ ಅನರ್ಥಕ್ಕೂ ಕಾರಣ ಗುಲಾಬಿ ಬಣ್ಣ. ರಾಯದುರ್ಗದ ಪೇಟೆ ನಡುವೆ ಕಲ್ಲುಕಂಬಗಳ ಮೇಲೆ ಮಾಳಿಗೆ ಹೊತ್ತು ನಿಂತಿದ್ದ ಹಳೇ ಹತ್ತಿ ಮಂಡಿಯನ್ನು ಕೆಡವಿ ಕಾಂಪ್ಲೆಕ್ಸ್ ಎಬ್ಬಿಸಬೇಕೆಂದು ಅದರ ಸಾಹುಕಾರರಿಗೆ ಆಸೆ. ಪುರಾತತ್ವದ ಸಾಹೇಬರು ಬಂದು, ಇದು ಹಳೇ ಕಟ್ಟಡ, ಉಳಿಸಿ ಎಂದರೆ ಆಸೆ ಮಣ್ಣುಪಾಲು. ಅದಕ್ಕೇ ಅವರು ಬರುವ ಹಿಂದಿನ ದಿನ ಗುಲಾಬಿ ಬಣ್ಣ ಬಳಿಸಿ, ಮುದಿ ಮಂಡಿಯನ್ನು ಮದುವಣಗಿತ್ತಿ ಮಾಡಿಬಿಟ್ಟಿದ್ದರು.

ಮಾಳಿಗೆಯಲ್ಲಿ ಜೀನ್ಸ್ ಹೊಲಿಯುವ ಬಾಡಿಗೆದಾರ ಮುದ್ದಪ್ಪನಿಗೆ ಬೆಳಿಗ್ಗೆ ಅದನ್ನು ಕಂಡೊಡನೆ ಸಾಹುಕಾರರ ಹೂಟ ಹೊಳೆಯಿತು. ಕಟ್ಟಡ ಹೋದರೆ ಹೊಲಿಗೆ ಮಿಷನ್ನು ಮಾರಿ, ಬಳ್ಳಾರಿಯಲ್ಲಿ ಯಾರದೋ ಕಾರ್ಖಾನೆಗೆ ಕೂಲಿ ಹೋಗಬೇಕು. ಆದರೆ ಹೊಸದನ್ನು ಹಳೇದು ಮಾಡುವುದು ಅವನಿಗೇನು ಕಷ್ಟ? ಹೊಸ ಪ್ಯಾಂಟಿನ ತೊಡೆ ತಿಕ್ಕಿ, ಮೊಣಕಾಲು ಹರಿದು, ವರ್ಷಗಟ್ಟಲೆ ತೊಟ್ಟಂತೆ ಮಾಡಿ ಕಳಿಸುವುದೇ ಅವನ ಅನ್ನ. ತಿಕ್ಕುವ ಉಪ್ಪುಕಾಗದ ಹಿಡಿದು ಗೋಡೆಗೆ ನಿಂತ.

ಕೆಳಗೆ ಚಹಾ ಮಾರುವ ಓಬಳಮ್ಮ ನೋಡಿ ಸುಮ್ಮನಿರುವ ಪೈಕಿಯಲ್ಲ. "ಇಷ್ಟಕ್ಕ ಯಾರು ನಂಬ್ತಾರ ಮುದ್ದಪ್ಪ? ಒಂದು ಬಿರುಕು ಬೀಳ್ಸು," ಎಂದಳು. ಪಕ್ಕದಂಗಡಿಯ ನರಸಪ್ಪ ಹಾರೆ ತಂದ. ಕರೆಯದೇ ಬಂದವರೆಲ್ಲ ಒಂದೊಂದು ಕಡೆ ಕೆರೆದರು, ಬ್ಲೀಚಿಂಗ್ ಪೌಡರ್ ಎರಚಿದರು. ಗಾರೆ ಉದುರಿತು, ಹಾರೆಯೇಟಿಗೆ ಒಂದು ಕಂಬ ವಾಲಿತು, ಮಾಳಿಗೆಯಂಚಿಗೆ ಅಡ್ಡಕಟ್ಟಿದ್ದ ಮರದ ಕಟಾಂಜನ ಕಳಚಿ ಕೆಳಗೆ ಬಿತ್ತು. ಓಬಳಮ್ಮ ಅದನ್ನು ಒಲೆಗೆ ಎತ್ತಿಟ್ಟುಕೊಂಡಳು. ಮುದ್ದಪ್ಪ ದೂರ ನಿಂತು ನೋಡಿದ. ಇಷ್ಟು ಚೆನ್ನಾಗಿ ಹರಿದ ಪ್ಯಾಂಟಾಗಿದ್ದರೆ ಮುಂಬೈಯಲ್ಲಿ ಕಿತ್ತಾಡಿ ಕೊಳ್ಳುತ್ತಿದ್ದರು ಎಂದು ಹೆಮ್ಮೆಪಟ್ಟ.

ಮಧ್ಯಾಹ್ನ ಜೀಪಿನಿಂದ ಇಳಿದ ಸಾಹೇಬರು ಇಳಿದಲ್ಲೇ ನಿಂತರು.

"ಎಷ್ಟು ಹಳೇದೈತಿ ನೋಡ್ರಿ ಸಾರ್," ಎಂದ ಮುದ್ದಪ್ಪ, ಕೈಯ ಸುಣ್ಣ ಒರೆಸಿಕೊಳ್ಳುತ್ತಾ.

"ಹಳೇದು ಅಂತ ಹೋದ ತಿಂಗಳೇ ಫೋಟೋ ನೋಡಿ ಬರದೀನಪ್ಪ. ಇವತ್ತು ಬಂದಿದ್ದು ಗಟ್ಟಿ ಐತೋ ಇಲ್ಲೋ ನೋಡಾಕ."

ವಾಲಿದ ಕಂಬವನ್ನು ಒಂದು ಬೆರಳಲ್ಲಿ ಮುಟ್ಟಿದವರು ಥಟ್ಟನೆ ಹಿಂದೆ ಸರಿದರು. ಇದು ಯಾರ ತಲೆ ಮೇಲಾದರೂ ಬೀಳುತ್ತದೆ, ಇವತ್ತೇ ಖಾಲಿ ಮಾಡಿಸಿ ಕೆಡವಿಬಿಡಿ ಎಂದು ಹೇಳಿ ಜೀಪು ಹತ್ತಿದರು.

ಸಾಹುಕಾರರು ಬಂದು, ಹುಟ್ಟಿದಾಗಿಂದ ಮೊದಲ ಸಲ ಮುದ್ದಪ್ಪನ ಹೆಗಲ ಮೇಲೆ ಕೈ ಹಾಕಿದರು.

"ಅರ್ಧ ಕೆಲಸ ನೀನ ಮುಗಿಸೀಯಪ್ಪ. ಮಿಷನ್ನು ಇಳಿಸಿಟ್ಟು ಬಾ, ಉಳಿದರ್ಧಕ್ಕ ಕೂಲಿ ಕೊಡ್ತೀನಿ."