ಸೋರದ ಕಾಲುವೆ

ಮಲ್ಲೇಶ್ವರಂನ ದೊರೆಸ್ವಾಮಿಯವರ ಹಿತ್ತಿಲಲ್ಲಿ ಬಾವಿ ಒಂದು ಮೂಲೆಗೆ, ಬದನೆ ಪಾತಿ ಇನ್ನೊಂದು ಮೂಲೆಗೆ. ನಡುವೆ ನಲವತ್ತು ಅಡಿ ಮಣ್ಣಿನ ಕಾಲುವೆ. ಪಂಪು ಹಾಕಿದರೆ ನೀರು ಹುರುಪಿನಿಂದ ಹೊರಡುತ್ತಿತ್ತು. ಆದರೆ ಮದುವೆಗೆಂದು ಹೊರಟು ದಾರಿಯ ನೆಂಟರ ಮನೆಗಳಲ್ಲೇ ಕೂತುಬಿಡುವ ಸೋದರಮಾವನ ಹಾಗೆ, ಅರ್ಧದಲ್ಲೇ ಇಂಗಿಹೋಗುತ್ತಿತ್ತು.

"ಈ ತಿಂಗಳೊಳಗೆ ಬದನೆ ಚಿಗುರದಿದ್ರೆ ಕಲ್ಲು ಹಾಸಿಸಿ ಸ್ಕೂಟರ್ ನಿಲ್ಲಿಸ್ತೀನಿ," ಎಂದರು ಹೆಂಡತಿ ಕೋಕಿಲಾ. "ಪಕ್ಕದ್ಮನೆ ರುದ್ರಾಣಿಯವರನ್ನ ನೋಡಿ. ಒಂದು ತಂಬಿಗೆ ನೀರು ಹಾಕಲ್ಲ, ಹಾಗಲಬಳ್ಳಿ ಹೆಂಗೆ ಹಬ್ಬಿದೆ!"

ಶನಿವಾರ ಬೆಳಗ್ಗೆ ದೊರೆಸ್ವಾಮಿ ಕಾಲುವೆಗೆ ಹಾಸಲು ದಪ್ಪ ಪ್ಲಾಸ್ಟಿಕ್ ಹಾಳೆ ತಂದರು. ಸುರುಳಿ ಬಿಚ್ಚುವಷ್ಟರಲ್ಲಿ ಕಾಂಪೌಂಡಿನ ಮೇಲೆ ರುದ್ರಾಣಿಯವರ ತಲೆ ಮೂಡಿತು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳನ್ನು ಗದರಿಸಿ ನಿವೃತ್ತರಾದವರು.

"ಕಡೆಗೂ ಬುದ್ಧಿ ಬಂತಾ? ನಿಮ್ಮ ಕಾಲುವೆ ಸೋರಿ ನನ್ನ ಗೋಡೆಯೆಲ್ಲಾ ಶೀತ. ತಡೀರಿ, ಬಂದೆ."

ಬಂದವರು ಯಜಮಾನಿಕೆಯನ್ನೇ ವಹಿಸಿಕೊಂಡರು. "ಕಲ್ಲು ಆರಿಸಿ ತೆಗೀರಿ, ಹಾಳೆ ಹರಿಯತ್ತೆ. ಇಳಿಜಾರು ಸಾಲ್ದು." ಎದುರುಮನೆಯ ಮಾಯಣ್ಣ ಬಂದು ಇಳಿಜಾರು ಜಾಸ್ತಿಯಾಯಿತೆಂದರು. ಇಬ್ಬರ ವಾದದಲ್ಲಿ ದೊರೆಸ್ವಾಮಿ ಒಂದೇ ಕಾಲುವೆಯನ್ನು ಮೂರು ಸಲ ಅಗೆದರು. ಹಾಳೆ ಹಾಸುವಾಗ ಗಾಳಿ ಬೀಸಿ ಅದು ಅವರನ್ನೇ ಸುತ್ತಿಕೊಂಡಿತು. ಮಸಾಲೆದೋಸೆಯೊಳಗಿನ ಪಲ್ಯದ ಹಾಗೆ ಒಳಗಿದ್ದವರನ್ನು ಬಿಡಿಸಲು ರುದ್ರಾಣಿ, ಮಾಯಣ್ಣ, ಕೋಕಿಲಾ ಮೂವರೂ ಎಳೆಯಬೇಕಾಯಿತು.

ಸಂಜೆ ಪಂಪು ಹಾಕಿದರು. ಒಂದು ಹನಿಯೂ ಇಂಗದೆ ನೀರು ಓಡಿತು, ಪಾತಿ ತುಂಬಿತು. ಕೋಕಿಲಾ ಎಲ್ಲರಿಗೂ ಕಾಫಿ ಕೊಟ್ಟರು. ಸ್ಕೂಟರಿನ ಮಾತು ನಿಂತಿತು.

ಹತ್ತನೇ ದಿನ ನೋಡಿದರೆ ಸೊರಗಿದ್ದ ಬದನೆಗಿಡಗಳು ಚಿಗುರಿ ಎಲೆ ತುಂಬಿಕೊಂಡಿದ್ದವು. ಅದೇ ಬೆಳಗ್ಗೆ ರುದ್ರಾಣಿ ಜೋತುಬಿದ್ದ ಹಾಗಲದ ಕುಡಿ ಹಿಡಿದು ಬಂದರು.

"ಗೋಡೆ ಒಣಗ್ತು ಅಂತ ಖುಷಿಪಟ್ಟೆ. ಬಳ್ಳಿನೂ ಒಣಗ್ತಿದೆ ಕಣ್ರೀ! ಇಷ್ಟು ವರ್ಷ ಅದು ಕುಡೀತಿದ್ದದ್ದು ನಿಮ್ಮನೆ ನೀರು!"

ದೊರೆಸ್ವಾಮಿಗೆ ಎದೆಯುಬ್ಬಿತು. ಈಗಲಾದರೂ ಗೆದ್ದೆನೆಂದು ಹೆಂಡತಿಯ ಕಡೆ ತಿರುಗಿದರೆ, ಅವರು ದಬ್ಬಳ ಹಿಡಿದು ನಿಂತಿದ್ದರು.

"ನೋಡ್ತಾ ಏನ್ ನಿಂತಿದೀರಿ? ಗೋಡೆ ಹತ್ರ ಹಾಳೆಗೆ ನಾಲ್ಕು ತೂತು ಹಾಕಿ. ಪಾಪ, ಕಾಯಿಬಿಟ್ಟಿರೋ ಬಳ್ಳಿ."

"ನನ್ನ ಬದನೆ?"

"ಮಿಕ್ಕಿದ್ದು ಕುಡಿಯತ್ತೆ ಬಿಡಿ."

ತಾವೇ ಬೆವರು ಸುರಿಸಿ ಹಾಸಿದ ಹಾಳೆಗೆ ದೊರೆಸ್ವಾಮಿ ತಾವೇ ತೂತು ಹಾಕಿದರು. ಪಂಪು ಹಾಕಿದರು. ನೀರು ಗೋಡೆಯ ಬಳಿ ಒಂದಷ್ಟು ಇಳಿದು, ಉಳಿದದ್ದು ನಿಧಾನವಾಗಿಯಾದರೂ ಪಾತಿ ಮುಟ್ಟಿತು. ಅಲ್ಲಿ ಎಲೆಗಳ ಮರೆಯಲ್ಲಿ ಪುಟ್ಟದೊಂದು ನೇರಳೆ ಮೊಗ್ಗು. ದೊರೆಸ್ವಾಮಿ ಮಂಡಿಯೂರಿ ಕೂತು, ಮೊಮ್ಮಗಳ ಮುಖ ನೋಡುವಂತೆ ನೋಡಿದರು.

ರುದ್ರಾಣಿಯೂ ಬಗ್ಗಿ ನೋಡಿದರು. "ಭೇಷ್! ಕಾಯಿ ಬಿಟ್ಮೇಲೆ ನನಗರ್ಧ. ಇಳಿಜಾರು ಹೇಳಿಕೊಟ್ಟಿದ್ದು ನಾನು."